ಇಲ್ಲದ ಕಂಬ ಕಿತ್ತವರು

ಮೂವತ್ತೊಂದು ವರ್ಷ ನೆಲದ ಒಳಗೆ ದುಡಿದ ಮುನಿವೆಂಕಟಪ್ಪ ಮೊದಲ ಸಲ ವಿಮಾನ ಹತ್ತಿದ್ದು ಅರವತ್ತೆರಡನೇ ವಯಸ್ಸಿನಲ್ಲಿ. ಕೆಜಿಎಫ್‌ನ ಚಿನ್ನದ ಗಣಿಯಲ್ಲಿ ಆಳುಗಳನ್ನು ಹೊತ್ತ ಕೇಜು ಕೆಳಗಿಳಿಯುವಾಗ ಕಿವಿ ಮುಚ್ಚಿಕೊಳ್ಳುತ್ತಿತ್ತು. ವಿಮಾನ ಮೇಲೇರುವಾಗಲೂ ಮುಚ್ಚಿಕೊಂಡಿತು. ಪಕ್ಕದವರು ಹೆದರಿ ಸೀಟಿನ ಕೈ ಹಿಡಿದುಕೊಂಡಿದ್ದರು. ಇವನು ಬಾಯಿ ಅಗಲಿಸಿ ಆಕಳಿಸಿದ, ಕಿವಿ ಬಿಡಿಸಿಕೊಂಡ, ಇಷ್ಟೇನಾ ಅಂದುಕೊಂಡು ನಿದ್ದೆ ಹೋದ.

ಅದು ೧೯೯೩ನೇ ಇಸವಿ. ಸಿಡ್ನಿಯ ಎಪ್ಪಿಂಗ್‌ನಲ್ಲಿ ಮಗಳು ತಾರಾಳದು ಎರಡು ರೂಮಿನ ಯೂನಿಟ್ಟು, ಅಂದರೆ ಫ್ಲ್ಯಾಟು. ಅಳಿಯ ಭಾಸ್ಕರ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದದ್ದು ಮುನಿವೆಂಕಟಪ್ಪ ಮತ್ತು ಅವನ ಕೆಮ್ಮು. ಕಲ್ಲಿನ ಪುಡಿ ಎದೆಯಲ್ಲಿ ಕೂತ ಕೆಮ್ಮು. ಮೊದಲ ವಾರ ಅದನ್ನು ಕೇಳಿ ಕೆಳಗಿನ ಮನೆಯ ಅಜ್ಜಿ ಆಂಬುಲೆನ್ಸ್ ಕರೆಸಿಬಿಟ್ಟಳು. ಬಂದವರು ಇವನ ಎದೆಗೆ ಕಿವಿಗೊಟ್ಟು ಮುಖ ಮುಖ ನೋಡಿಕೊಂಡರು. ಇವನು ಅವರಿಗೆ ಕಾಫಿ ಮಾಡಿಕೊಟ್ಟು ಕಳಿಸಿದ.

ಗಣಿಯಲ್ಲಿ ಅವನು ಟಿಂಬರ್‌ಮನ್ ಆಗಿದ್ದ. ಬೇರೆಯವರು ಬಂಡೆ ಒಡೆದು ಮುಂದೆ ಹೋಗುತ್ತಾರೆ. ಇವನು ಅವರ ಬೆನ್ನ ಹಿಂದೆ ಮರದ ಕಂಬ ನಿಲ್ಲಿಸಬೇಕು, ಅಡ್ಡ ತೊಲೆ ಕೊಡಬೇಕು, ಮೇಲಿನ ಬಂಡೆ ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಕಲ್ಲೇ ಕಾದು ಬಿಸಿಯಾಗುವ ಆಳ. ಮೈಮೇಲೆ ಬರೀ ಚಡ್ಡಿ. ಪಾಳಿ ಮುಗಿಸಿ ಮೇಲೆ ಬಂದರೆ ಗೇಟಿನಲ್ಲಿ ಆ ಚಡ್ಡಿಯನ್ನೂ ಬಿಚ್ಚಿಸುತ್ತಿದ್ದರು. ಚಿನ್ನ ಕದ್ದಿದ್ದಾನೋ ಏನೋ ಎಂದು ಬಾಯಿ ತೆಗೆಸಿ, ಕಂಕುಳು ಎತ್ತಿಸಿ ನೋಡುತ್ತಿದ್ದರು. ದನದ ಸಂತೆಯಲ್ಲಿ ಹೋರಿಯ ಹಲ್ಲು ನೋಡುವ ಹಾಗೆ. ಮೂವತ್ತೊಂದು ವರ್ಷ ಕಂಬ ಹೊತ್ತ ಬಲ ಹೆಗಲು ಎಡ ಹೆಗಲಿಗಿಂತ ಎರಡು ಬೆರಳು ಕೆಳಗಿಳಿದಿತ್ತು. ಸಿಡ್ನಿಯಲ್ಲಿ ತಾರಾ ಅವನಿಗೆ ಕೋಟು ಕೊಡಿಸಲು ಹೋದಾಗ ಅಂಗಡಿಯವನು ಹೊಲಿಗೆ ಸೊಟ್ಟಗಿದೆ ಎಂದು ಮೂರು ಕೋಟು ಬದಲಾಯಿಸಿದ. ನಾಲ್ಕನೆಯದರ ಹೊತ್ತಿಗೆ ಸೊಟ್ಟಗಿದ್ದದ್ದು ಕೋಟಲ್ಲ ಎಂದು ಅವನಿಗೆ ಗೊತ್ತಾಯಿತು.

ತಾರಾ ಸಿಟಿಯಲ್ಲಿ ಕ್ಯಾಲವೇ ಎಂಬ ಹಳೆಯ ಮನೆತನದ ಆಫೀಸಿನಲ್ಲಿ ಟೈಪಿಸ್ಟ್. ಸಿಡ್ನಿಯಿಂದ ದಕ್ಷಿಣಕ್ಕೆ ಎರಡು ಗಂಟೆ ದೂರದ ಗುಡ್ಡದಲ್ಲಿ ಕ್ಯಾಲವೇಗಳ ಮುತ್ತಜ್ಜ ನೂರಿಪ್ಪತ್ತೈದು ವರ್ಷದ ಹಿಂದೆ ಕಲ್ಲಿದ್ದಲಿನ ಗಣಿ ತೋಡಿಸಿದ್ದ. ಮೂವತ್ತು ವರ್ಷ ನಡೆಸಿದ. ಕಲ್ಲಿದ್ದಲು ಮುಗಿಯಿತು. ಮನೆತನ ಮುಗಿಯಲಿಲ್ಲ. ಈಗಿನ ಯಜಮಾನರು ಹ್ಯೂ ಕ್ಯಾಲವೇ, ಎಪ್ಪತ್ತು ದಾಟಿದವರು, ಭಾನುವಾರವೂ ಬೋ ಟೈ ಕಟ್ಟುವವರು. ಅವರು ಗಣಿಯ ಚರಿತ್ರೆ ಬರೆಯುತ್ತಿದ್ದರು. ಕೈಬರಹದ ಹಾಳೆಗಳನ್ನು ಟೈಪ್ ಮಾಡುವುದು ತಾರಾಳ ಕೆಲಸ. ಅವಳು ಅವನ್ನು ಮನೆಗೂ ತರುತ್ತಿದ್ದಳು. ಸಂಜೆ ಟೀ ಕುಡಿಯುತ್ತ ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಅಪ್ಪನಿಗೆ ಹೊತ್ತು ಹೋಗಲಿ ಎಂದು ಶುರು ಮಾಡಿದ್ದು. ಮುನಿವೆಂಕಟಪ್ಪ ಮಾತ್ರ ಗಣಿ ಇನ್‌ಸ್ಪೆಕ್ಟರನ ಹಾಗೆ ಕಾಲು ಮೇಲೆ ಕಾಲು ಹಾಕಿ ಕೂತು ಕೇಳುತ್ತಿದ್ದ.

ಒಂದು ಇಡೀ ಅಧ್ಯಾಯ ಕುದುರೆಗಳದ್ದು. ಗಣಿಯೊಳಗೆ ಕಲ್ಲಿದ್ದಲಿನ ಗಾಡಿ ಎಳೆಯುತ್ತಿದ್ದ ಗಿಡ್ಡ ಕುದುರೆಗಳು. ಬೆಸ್ಸಿ, ಡ್ಯೂಕ್, ಪ್ರಿನ್ಸ್, ಲಿಟ್ಲ್ ಮೇರಿ. ಯಾವುದಕ್ಕೆ ಸಕ್ಕರೆ ಇಷ್ಟ, ಯಾವುದು ಕುಂಟುತ್ತಿತ್ತು, ಯಾವುದು ಸತ್ತಾಗ ಮುತ್ತಜ್ಜಿ ಎರಡು ದಿನ ಊಟ ಬಿಟ್ಟರು, ಎಲ್ಲ ಇತ್ತು.

"ಒಳ್ಳೆ ಜನ. ಪಾಪ, ಊಟ ಬಿಟ್ಟವ್ರೆ" ಎಂದ ಮುನಿವೆಂಕಟಪ್ಪ.

ಮುಂದಿನ ಅಧ್ಯಾಯದಲ್ಲಿ ೧೮೮೪ರ ಜುಲೈ ತಿಂಗಳು ಬಂತು. ಗಣಿಯ ಛಾವಣಿ ಕುಸಿದು ಆರು ಕೈಗಳು ಹೋದವು ಎಂದು ತಾರಾ ಓದಿದಳು.

"ಆರು ಕೈ ಅಂದ್ರೆ ಮೂರು ಆಳಾ?"

"ಅಲ್ಲಪ್ಪ. ಆರು ಜನ. ಕೂಲಿಯವ್ರನ್ನ ಇಂಗ್ಲಿಷ್‌ನಲ್ಲಿ ಹ್ಯಾಂಡ್ಸ್ ಅಂತಾರೆ."

"ತಲೆ ಲೆಕ್ಕಕ್ಕಿಲ್ವಾ?"

"ಇಲ್ಲ."

"ಅಂಗಾದ್ರೆ ಹೊಟ್ಟೇನೂ ಇಲ್ಲ ಅನ್ನು. ಅವ್ರ ಹೆಸ್ರೇನು?"

ತಾರಾ ಹಾಳೆ ತಿರುಗಿಸಿ ನೋಡಿದಳು. ಹೆಸರಿರಲಿಲ್ಲ. ಇನ್ನೊಂದು ವಾಕ್ಯವಿತ್ತು. ಆಸರೆಯ ಕಂಬಗಳನ್ನು ಕೆಲಸಗಾರರೇ ಅಜಾಗರೂಕತೆಯಿಂದ ಕದಲಿಸಿದ್ದರಿಂದ ಈ ದುರ್ಘಟನೆ ನಡೆಯಿತು.

ಮುನಿವೆಂಕಟಪ್ಪ ಟೀ ಲೋಟ ಕೆಳಗಿಟ್ಟ. ಇನ್ನೊಂದು ಸಲ ಓದು ಎಂದ. ಓದಿದಳು. ಮತ್ತೊಂದು ಸಲ ಎಂದ. ಆಮೇಲೆ ಎದ್ದು ಹೋಗಿ ಬಾಲ್ಕನಿಯಲ್ಲಿ ನಿಂತ. ಈ ವಾಕ್ಯವನ್ನು ಅವನು ಮುಂಚೆಯೂ ಕೇಳಿದ್ದ. ಅವನ ತಮ್ಮ ಯರ್ರಪ್ಪ ಗಣಿಯಲ್ಲಿ ಸತ್ತಾಗ ಕಂಪನಿಯ ಕಾಗದದಲ್ಲಿ ಇದೇ ಇತ್ತು. ಚಿಕ್ಕಪ್ಪ ಬಂಡೆ ಬಿದ್ದು ಸತ್ತದ್ದು ತಾರಾಳಿಗೆ ಗೊತ್ತಿತ್ತು. ಕಾಗದದ ಸಂಗತಿ ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ.

ಆ ವಾರವೇ ಡಾಕ್ಟರ್ ಗುರುದತ್ತ ಅವರಿಂದ ಫೋನ್ ಬಂತು. ಮೈಸೂರಿನವರು, ಹೃದಯದ ಡಾಕ್ಟರು, ಕನ್ನಡ ಸಂಘದ ಅಧ್ಯಕ್ಷರು, ಕ್ಯಾಲವೇ ಅವರ ಗಾಲ್ಫ್ ಗೆಳೆಯರು. ತಾರಾಳಿಗೆ ಈ ಕೆಲಸ ಕೊಡಿಸಿದವರೂ ಅವರೇ. ಅಲ್ಲಿಯವರೆಗೆ ಸಂಘದ ಕಾರ್ಯಕ್ರಮಗಳಲ್ಲಿ ಮುನಿವೆಂಕಟಪ್ಪನಿಗೆ ಹೆಸರಿರಲಿಲ್ಲ. "ತಾರಾ ಅವರ ಫಾದರ್" ಆಗಿದ್ದ. ಆವತ್ತು ಫೋನಿನಲ್ಲಿ "ಮುನಿವೆಂಕಟಪ್ಪನವರೇ" ಎಂದರು. ಅವನು ರಿಸೀವರಿನ ಮೇಲೆ ಕೈ ಮುಚ್ಚಿ ಮಗಳಿಗೆ, "ಏನೋ ಕೆಲಸ ಐತೆ ಕಣಮ್ಮೀ, ಹೆಸ್ರಿಗೆ ಬಾಲ ಸೇರಿಸ್ತಾವ್ರೆ" ಎಂದು ಪಿಸುಗುಟ್ಟಿದ.

ಕೆಲಸ ಇತ್ತು. ಕ್ಯಾಲವೇ ಅವರು ಹಳೆಯ ಗಣಿಯ ಬಾಯಿಯನ್ನು ರಿಪೇರಿ ಮಾಡಿಸಿ ಜನರಿಗೆ ತೋರಿಸಲು ತೆರೆಯುತ್ತಿದ್ದರು. ಪುಸ್ತಕದ ಹಿಂಬದಿಗೆ ನಿಜವಾದ ಗಣಿ ಕಾರ್ಮಿಕನ ಒಂದು ಫೋಟೋ ಬೇಕಿತ್ತು, ಸಹಿ ಹಾಕಿದ ಎರಡು ಮಾತು ಬೇಕಿತ್ತು.

"ಇಟ್ಸ್ ಎ ಗ್ರೇಟ್ ಆನರ್. ನಮ್ಮ ಕಮ್ಯುನಿಟಿಗೇ ಹೆಸರು ಬರತ್ತೆ. ಭಾನುವಾರ ನಮ್ಮಲ್ಲೇ ಊಟ ಮುಗಿಸ್ಕೊಂಡು ಹೋಗೋಣ" ಎಂದರು ಡಾಕ್ಟರು.

ಭಾನುವಾರ ಬಿಸಿಬೇಳೆಬಾತು. ಬಡಿಸಿದ್ದು ಪೇಪರ್ ಪ್ಲೇಟಿನಲ್ಲಿ. ಡಾಕ್ಟರ ಹೆಂಡತಿ ಜಯಲಕ್ಷ್ಮಿ ಆಂಟಿ ಸೌಟು ಹಿಡಿದು ಬಂದು ನಗುತ್ತ ಕೇಳಿದರು.

"ಕೆಜಿಎಫ್ ಅಂದಳು ತಾರಾ. ಅಲ್ಲಿ ಯಾವ ಕಡೆಯವರು ನೀವು? ಅಂದ್ರೆ, ನಿಮ್ಮ ಪೈಕಿ ಯಾರು?"

"ಕೆಳಗಿನವರಮ್ಮ" ಎಂದ ಮುನಿವೆಂಕಟಪ್ಪ.

ಸೌಟು ಗಾಳಿಯಲ್ಲೇ ನಿಂತಿತು. ತಾರಾ ತನ್ನ ಪ್ಲೇಟು ನೋಡಿದಳು. ಡಾಕ್ಟರು ನೀರು ಕುಡಿದರು.

"ಹತ್ತು ಸಾವಿರ ಅಡಿ ಕೆಳಗಿನವರು. ಅಷ್ಟು ಕೆಳಗೆ ಈ ಪ್ರಶ್ನೆ ಕೇಳಾಕೆ ಯಾರೂ ಬರ್ತಿರಲಿಲ್ಲ."

ಡಾಕ್ಟರು ಸ್ವಲ್ಪ ತಡವಾಗಿ ಜೋರಾಗಿ ನಕ್ಕರು. ಆಂಟಿ ಇನ್ನೊಂದು ಸೌಟು ಬಡಿಸಿದರು. ಅದು ಮೊದಲಿನದಕ್ಕಿಂತ ಒಂದು ಗೇಣು ಮೇಲಿನಿಂದ ಬಿತ್ತು. ಮುನಿವೆಂಕಟಪ್ಪ ಚೊಕ್ಕವಾಗಿ ಉಂಡ. ಬಾತು ಚೆನ್ನಾಗಿತ್ತು.

ಗಣಿಯ ಬಾಯಲ್ಲಿ ಕ್ಯಾಲವೇ ಅವರು ಕಾಯುತ್ತಿದ್ದರು. ಎರಡೂ ಕೈಯಿಂದ ಕೈ ಕುಲುಕಿದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಮುನಿವೆಂಕಟಪ್ಪನಿಗೆ ಕೆಲಸ ಸುಲಭವಾಗುತ್ತಿತ್ತು. ಒಳಗೆ ಮೂವತ್ತು ನಲವತ್ತು ಗಜ ಸುರಂಗವನ್ನು ಚೊಕ್ಕ ಮಾಡಿ ಲೈಟು ಹಾಕಿಸಿದ್ದರು. ಹೊಸ ಕಂಬಗಳಿಗೆ ವಾರ್ನಿಷ್ ಬಳಿದಿದ್ದರು. ಒಂದು ಮೂಲೆಯಲ್ಲಿ ಬೆಸ್ಸಿ ಎಂಬ ಕುದುರೆಯ ಗೊಂಬೆ, ನಿಜವಾದ ಕೂದಲಿನ ಬಾಲ. ಪಕ್ಕದಲ್ಲಿ ಫೋಟೋಗ್ರಾಫರ್ ಒಂದು ಡಬ್ಬಿಯಲ್ಲಿ ಇದ್ದಿಲ ಪುಡಿ ಕಲಸಿ ಇಟ್ಟುಕೊಂಡಿದ್ದ, ಗಣಿ ಕಾರ್ಮಿಕನ ಮುಖಕ್ಕೆ ಹಚ್ಚಲು. ಅವನು ಬೆರಳು ಅದ್ದಿದ. ಮುನಿವೆಂಕಟಪ್ಪನ ಮುಖ ನೋಡಿದ. ಬೆರಳು ಹಾಗೇ ನಿಂತಿತು.

"ಯಾಕಂತೆ? ನನ್ನ ಬಣ್ಣ ಸಾಲದೆ ಬಂತಾ ಅಂತ ಕೇಳು" ಎಂದ ಮುನಿವೆಂಕಟಪ್ಪ.

ತಾರಾ ಇಂಗ್ಲಿಷಿನಲ್ಲಿ, ಅಪ್ಪನಿಗೆ ಚರ್ಮದ ಅಲರ್ಜಿ ಇದೆ, ದಯವಿಟ್ಟು ಬೇಡವಂತೆ, ಎಂದಳು. ಅವಳ ತರ್ಜುಮೆ ಇಲ್ಲಿಗೆ ಬಂದಾಗಿನಿಂದ ಹೀಗೇ ನಡೆದಿತ್ತು. ಅಪ್ಪ ಒಂದು ಹೇಳಿದರೆ ಅವಳು ಅದರ ಮುಳ್ಳು ಕಿತ್ತು ಕೊಡುತ್ತಿದ್ದಳು. ಅಪ್ಪನಿಗೆ ಇಂಗ್ಲಿಷ್ ಬಾರದು ಎಂದು ಅವಳ ನಂಬಿಕೆ. ಮೂವತ್ತೊಂದು ವರ್ಷ ಇಂಗ್ಲಿಷ್ ಬೈಗುಳ ಕೇಳಿದವನಿಗೆ ಥ್ಯಾಂಕ್ಯೂ, ಪ್ಲೀಸ್‌ಗಳು ಬೈಗುಳವಲ್ಲ ಎಂಬಷ್ಟು ಇಂಗ್ಲಿಷ್ ಬರುತ್ತಿತ್ತು.

ಅವನಿಗೆ ಒಂದು ಪಿಕಾಸಿ ಕೊಟ್ಟು ಗೋಡೆಯ ಪಕ್ಕ ಮಂಡಿಯೂರಲು ಹೇಳಿದರು. ಅವನು ಊರಿದ. ಯೋಚಿಸಿ ಊರಿದ್ದಲ್ಲ. ಸುರಂಗದೊಳಗೆ ಯಾರೋ ಹೇಳಿದರು, ಮೈ ತಾನಾಗಿ ಬಾಗಿತು. ಮಂಡಿಯ ಚಿಪ್ಪುಗಳು ಕಲ್ಲಿಗೆ ತಗುಲಿ ನೋವು ಸೊಂಟದವರೆಗೆ ಏರಿತು. ಕ್ಯಾಮೆರಾ ಎರಡು ಸಲ ಮಿಂಚಿತು. ಇನ್ನೊಂಚೂರು ಬಗ್ಗಿ, ಆಯಾಸವಾದ ಹಾಗೆ ಕಾಣಿ, ಎಂದ ಫೋಟೋಗ್ರಾಫರ್.

ಬಗ್ಗಿದಾಗಲೇ ಅವನಿಗೆ ಅದು ಕಂಡದ್ದು. ಲೈಟು ಮುಗಿಯುವ ಕಡೆ ಕಬ್ಬಿಣದ ಸರಳಿನ ಬಾಗಿಲು. ಅದರಾಚೆ ರಿಪೇರಿ ಮಾಡದ ಹಳೆಯ ಸುರಂಗ. ನೆಲದ ಕಲ್ಲಿನಲ್ಲಿ ಗುಳಿಗಳು. ಕಂಬದ ಬುಡ ಜಾರದಿರಲಿ ಎಂದು ಕೊರೆಯುವ ಗುಳಿಗಳು.

ಅವನು ಪಿಕಾಸಿ ಕೆಳಗಿಟ್ಟ. ಬಾಗಿಲು ತೆಗೆಸು ಎಂದ. ಕ್ಯಾಲವೇ ಅವರು ಖುಷಿಯಿಂದ ತೆಗೆಸಿದರು. ನೋಡಿ, ಗಣಿಯ ಮನುಷ್ಯನಿಗೆ ಗಣಿಯ ಮೇಲೆ ಎಂಥ ಪ್ರೀತಿ, ಎಂದು ಡಾಕ್ಟರಿಗೆ ಹೇಳಿದರು.

ಮುನಿವೆಂಕಟಪ್ಪ ಮಂಡಿಯ ಮೇಲೇ ಒಳಗೆ ಹೋದ. ಮೊಣಕೈಯಿಂದ ಬೆರಳ ತುದಿಯವರೆಗೆ ನೆಲಕ್ಕೆ ಇಟ್ಟು ಅಳೆದ. ಒಂದು ಗುಳಿಯಿಂದ ಇನ್ನೊಂದಕ್ಕೆ ನಾಲ್ಕು ಮೊಳ. ಮತ್ತೆ ನಾಲ್ಕು ಮೊಳ. ಮತ್ತೂ ನಾಲ್ಕು. ನಡುವೆ ನೆಲವನ್ನು ಅಂಗೈಯಿಂದ ಒರೆಸಿ ನೋಡಿದ. ಗುಳಿಯಿಲ್ಲ, ಗುಳಿ ಮುಚ್ಚಿದ ಗುರುತೂ ಇಲ್ಲ. ಮೇಲೆ ನೋಡಿದ. ಪದರ ಪದರವಾಗಿ ಸೀಳಿದ ಬಂಡೆ. ಅದಕ್ಕೆ ಎರಡು ಮೊಳಕ್ಕೊಂದು ಕಂಬ ಬೇಕು. ಹೊಸಬನೂ ಹೇಳುತ್ತಾನೆ.

ಅವನು ಕೆಮ್ಮುತ್ತ ಹೊರಗೆ ಬಂದಾಗ ಕ್ಯಾಲವೇ ಅವರು ಕಾಗದ ಹಿಡಿದು ನಿಂತಿದ್ದರು. ಪೆನ್ನಿನ ಟೋಪಿ ತೆಗೆದಿದ್ದರು. ತಾರಾ ಓದಿ ಹೇಳಿದಳು. 'ಮೂವತ್ತೊಂದು ವರ್ಷದ ಅನುಭವದಿಂದ ಹೇಳುತ್ತೇನೆ. ಕ್ಯಾಲವೇ ಗಣಿ ಕಾಳಜಿಯಿಂದ ನಡೆಸಿದ ಗಣಿ. ನಮ್ಮ ಕೆಲಸದಲ್ಲಿ ಅನಾಹುತವಾಗುವುದು ಬಹುಮಟ್ಟಿಗೆ ನಮ್ಮದೇ ಅಜಾಗರೂಕತೆಯಿಂದ.'

"ಇದನ್ನ ನಾನು ಯಾವಾಗ ಯೋಳಿದೆ?"

"ಡ್ರಾಫ್ಟ್ ಅಷ್ಟೇ ಮುನಿವೆಂಕಟಪ್ಪನವರೇ, ಫಾರ್ಮಾಲಿಟಿ. ಸೈನ್ ಮಾಡಿ, ಹೊರಡೋಣ" ಎಂದರು ಡಾಕ್ಟರು.

"ಸೈನ್ ಹಾಕಾಕಿಲ್ಲ."

ಡಾಕ್ಟರು ತಾರಾಳಿಗಿಂತ ಮೊದಲೇ ತರ್ಜುಮೆ ಮಾಡಿದರು. ಅವರಿಗೆ ಸುಸ್ತಾಗಿದೆ ಎಂದರು.

ಮುನಿವೆಂಕಟಪ್ಪ ಮಗಳ ಕಡೆ ತಿರುಗಿದ. "ತಾರಾ, ಇವತ್ತು ನಾನು ಯೋಳಿದ್ದನ್ನ ಯೋಳಿದಂಗೇ ಯೋಳು. ಅಲರ್ಜಿ ಗಿಲರ್ಜಿ ಸೇರಿಸಬ್ಯಾಡ."

ತಾರಾಳ ಮುಖ ಕೆಂಪಾಯಿತು. ಅವಳು ಕ್ಯಾಲವೇ ಅವರನ್ನು ನೋಡಿದಳು. ಅವರು ಅವಳ ಯಜಮಾನರು.

"ಇಲ್ಲ. ಅಪ್ಪನಿಗೆ ಸುಸ್ತಾಗಿಲ್ಲ. ಅವರು ಸಹಿ ಹಾಕೋದಿಲ್ಲ ಅಂತಿದ್ದಾರೆ" ಎಂದಳು ಇಂಗ್ಲಿಷಿನಲ್ಲಿ.

"ಯಾಕೆ?" ಎಂದರು ಕ್ಯಾಲವೇ.

"ಸಾಹೇಬ್ರೇ, ಸತ್ತೋರು ಕಂಬ ಕಿತ್ತರು ಅಂತ ಬರ್ದಿದ್ದೀರಿ. ಗುಳಿ ಐತೆ ನೋಡಿ, ನಾಲ್ಕು ಮೊಳಕ್ಕೊಂದು. ಎರಡು ಮೊಳಕ್ಕೊಂದು ಇರಬೇಕಿತ್ತು. ಅರ್ಧ ಕಂಬ ನಿಮ್ಮ ಮುತ್ತಜ್ಜ ಕೊಟ್ಟೇ ಇಲ್ಲ. ಇಲ್ಲದ ಕಂಬಾನ ಅವ್ರು ಹೆಂಗೆ ಕಿತ್ರು?"

ತಾರಾ ಹೇಳಿದಳು. ಹೇಳಿದ ಹಾಗೇ ಹೇಳಿದಳು. ಸುರಂಗದಲ್ಲಿ ಅವಳ ಇಂಗ್ಲಿಷ್ ದೊಡ್ಡದಾಗಿ ಕೇಳಿಸಿತು.

ಮುನಿವೆಂಕಟಪ್ಪ ನಿಲ್ಲಿಸಲಿಲ್ಲ. "ನಂಗೊಬ್ಬ ತಮ್ಮ ಇದ್ದ. ಯರ್ರಪ್ಪ. ಎಪ್ಪತ್ತೊಂದರಲ್ಲಿ. ಎಲ್ಡು ದಿವಸ ಕಂಬ ಕೇಳಿದ್ವಿ. ಕೊಡಲಿಲ್ಲ. ಮೂರನೇ ದಿವಸ ಹೆಣ ಕೊಟ್ರು. ಆಮೇಲೆ ಒಂದು ಕಾಗದ ತಂದ್ರು. ಸತ್ತೋನೇ ಅಜಾಗ್ರತೆಯಿಂದ ಕಂಬ ಕದಲಿಸಿದ ಅಂತ. ನಾನು ಸೈನ್ ಹಾಕಿದೆ."

ತಾರಾಳ ತರ್ಜುಮೆ ಹೆಣದವರೆಗೆ ಬಂದು ಕಾಗದದ ಹತ್ತಿರ ನಿಂತಿತು. ಅವಳು ಅಪ್ಪನನ್ನೇ ನೋಡಿದಳು.

"ನೀನಾ? ಯಾಕಪ್ಪ?"

"ಕಂಪನಿ ಕೊಟ್ಟ ಲೈನ್ ಮನೆ ಬಿಡಿಸ್ತೀವಿ ಅಂದ್ರು. ನೀನು ಜ್ವರ ಬಂದು ಮಲಗಿದ್ದೆ. ನಿನ್ನ ಎತ್ಕೊಂಡು ಎಲ್ಲಿಗೆ ಹೋಗ್ಲಿ? ಇಡೀ ಲೈನಿನಾಗೆ ಓದು ಬರಹ ಬಂದೋನು ನಾನೊಬ್ಬ. ಹೆಬ್ಬೆಟ್ಟಿಗಿಂತ ನಿನ್ನ ಸೈನ್‌ಗೆ ತೂಕ ಜಾಸ್ತಿ ಅಂದ್ರು. ನಾನು ಹಾಕಿದೆ. ಒತ್ತಕ್ಷರ ತಪ್ಪದಂಗೆ ಹಾಕಿದೆ." ಅವನು ಒಂದು ಸಲ ಕೆಮ್ಮಿದ. "ಯೋಳು ಅವ್ರಿಗೆ."

ಅವಳು ಹೇಳಿದಳು. ಒಂದು ಪದವನ್ನೂ ಬಿಡಲಿಲ್ಲ.

ಕ್ಯಾಲವೇ ಅವರ ಕೈಯಲ್ಲಿ ಪೆನ್ನು ಹಾಗೇ ಇತ್ತು. ನಿಮ್ಮ ತಮ್ಮನ ವಿಷಯ ಕೇಳಿ ದುಃಖವಾಯಿತು, ನಿಜವಾಗಿಯೂ, ಎಂದರು. ಆದರೆ ಅದು ಬೇರೆ ದೇಶ, ಇದು ನಮ್ಮ ಕುಟುಂಬದ ಕಥೆ. ನೂರಾರು ಪುಟದ ಪುಸ್ತಕದಲ್ಲಿ ನೀವು ಹೇಳುತ್ತಿರುವುದು ಒಂದೇ ಒಂದು ವಾಕ್ಯ.

ಮುನಿವೆಂಕಟಪ್ಪ ತರ್ಜುಮೆಗೆ ಕಾಯಲಿಲ್ಲ. ಅಷ್ಟು ಅವನಿಗೆ ಅರ್ಥವಾಗಿತ್ತು.

"ಒಂದೇ ವಾಕ್ಯ ಅಲ್ವಾ?" ಎಂದ. "ಅಂಗಾದ್ರೆ ತೆಗೀರಿ."

ಕ್ಯಾಲವೇ ಅವರು ಪೆನ್ನಿನ ಟೋಪಿ ಹಾಕಿ ಜೇಬಿಗಿಟ್ಟುಕೊಂಡರು.

ವಾಪಸ್ಸು ಬರುವಾಗ ಡಾಕ್ಟರು ಕಾರು ಓಡಿಸುತ್ತ, "ನೀವು ಹೀಗೆ ಮಾಡಬಾರದಿತ್ತು ಮುನಿವೆಂಕಟಪ್ಪ. ನಮ್ಮವರ ಬಗ್ಗೆ ಅವರು ಏನಂದುಕೊಳ್ತಾರೆ?" ಎಂದರು.

"ಬಾಲ ಉದುರೋಯ್ತಲ್ಲಪ್ಪ" ಎಂದಳು ತಾರಾ ಹಿಂದಿನ ಸೀಟಿನಿಂದ, ಅಪ್ಪನಿಗಷ್ಟೇ ಕೇಳುವ ಹಾಗೆ. ಬೆಳಗಿನಿಂದ ಅವಳು ಆಡಿದ ಮೊದಲ ತಮಾಷೆ ಅದು. ಮುನಿವೆಂಕಟಪ್ಪ ಕಿಟಕಿಯ ಕಡೆ ತಿರುಗಿ ನಕ್ಕ. ನಗು ಕೆಮ್ಮಾಯಿತು. ಕಣ್ಣಲ್ಲಿ ನೀರು ಬಂತು. ಅವಳು ಅವನ ಇಳಿದ ಹೆಗಲ ಮೇಲೆ ಕೈ ಇಟ್ಟಳು. ಎಪ್ಪಿಂಗ್ ಬರುವವರೆಗೂ ತೆಗೆಯಲಿಲ್ಲ.

ಮಾರನೆಯ ವಾರ ಆಫೀಸಿನಲ್ಲಿ ತಾರಾಳಿಗೆ ಒಂದು ಕಾಗದ ಕೊಟ್ಟರು. ಬಹಳ ಸಭ್ಯವಾದ ಕಾಗದ. ಪುಸ್ತಕದ ಕೆಲಸ ಮುಗಿಯುತ್ತ ಬಂದಿದ್ದರಿಂದ ಅವಳ ಸೇವೆ ಇನ್ನು ಬೇಕಾಗುವುದಿಲ್ಲ, ಅವಳ ಮುಂದಿನ ಬದುಕಿಗೆ ಶುಭವಾಗಲಿ. ಪುಸ್ತಕ ಮೆಲ್ಬರ್ನಿನಲ್ಲಿ ಅಚ್ಚಾಗಿ ಕ್ರಿಸ್‌ಮಸ್‌ಗೆ ಮುಂಚೆ ಹೊರಬಂತು. ಭಾಸ್ಕರ ಅಂಗಡಿಯಲ್ಲಿ ನೋಡಿ ಒಂದು ಪ್ರತಿ ತಂದ. ಕುದುರೆಗಳೆಲ್ಲ ಇದ್ದವು. ಆರು ಕೈ ಇದ್ದವು. ಆ ವಾಕ್ಯವೂ ಇತ್ತು. ಹಿಂಬದಿಯಲ್ಲಿ ಪಿಕಾಸಿ ಹಿಡಿದು ಮಂಡಿಯೂರಿದ ಮುನಿವೆಂಕಟಪ್ಪನಿದ್ದ. ಕೆಳಗೆ 'ಒಬ್ಬ ಹಳೆಯ ಗಣಿ ಕೆಲಸಗಾರ' ಎಂದು ಅಚ್ಚಾಗಿತ್ತು.

ಭಾಸ್ಕರ ಕೂಗಾಡಿದ. ಹೋಗಿ ಕೇಳುತ್ತೇನೆ, ಕೋರ್ಟಿಗೆ ಹಾಕುತ್ತೇನೆ ಎಂದ. ಮುನಿವೆಂಕಟಪ್ಪ ಫೋಟೋವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ.

"ಮಂಡಿ ಊರಿದ್ದು ನಾನೇ. ಅದ್ರಲ್ಲಿ ಸುಳ್ಳಿಲ್ಲ" ಎಂದ. ಆಮೇಲೆ, "ತಾರಾ, ನಿನ್ನ ಟೈಪ್ ಮಿಷಿನ್ ತೆಗಿ. ನಾನು ಯೋಳ್ತೀನಿ, ನೀನು ಇಂಗ್ಲಿಷ್‌ನಾಗೆ ಹೊಡಿ" ಎಂದ.

ಮೂರು ದಿನ ಹೇಳಿದ. ಮೊದಲ ದಿನ ಬಂಡೆಯ ಪದರ, ಕಂಬದ ದಪ್ಪ, ಗುಳಿಯ ಅಳತೆ. ಎರಡನೇ ದಿನ ಯರ್ರಪ್ಪ, ಕಂಪನಿಯ ಕಾಗದ, ತನ್ನ ಸಹಿ. ಮೂರನೇ ದಿನ ಹೇಳಿದ್ದನ್ನೆಲ್ಲ ಓದಿಸಿ ಕೇಳಿ, ತಾರಾ ಎಲ್ಲಾದರೂ ಮೆತ್ತಗೆ ಮಾಡಿದ್ದಾಳೆಯೇ ಎಂದು ಒಂದೊಂದು ಪದಕ್ಕೂ ಅರ್ಥ ಕೇಳಿ ಅವಳ ಪ್ರಾಣ ತಿಂದ. ಎರಡು ಕಡೆ ಸಿಕ್ಕಿಬಿದ್ದಳು. ಮತ್ತೆ ಟೈಪ್ ಮಾಡಿದಳು.

ಜನವರಿಯ ಒಂದು ಬೆಳಿಗ್ಗೆ ಅಪ್ಪ ಮಗಳು ರೈಲು ಹತ್ತಿ ಆ ಗಣಿಯ ಊರಿಗೆ ಹೋದರು. ಊರಿನ ಲೈಬ್ರರಿ ಒಂದೇ ಕೋಣೆಯದು. ಲೈಬ್ರರಿಯಾಕೆ ದಪ್ಪ ಕನ್ನಡಕದ ಹೆಂಗಸು. ಹಾಳೆಗಳನ್ನು ನಿಂತೇ ಓದಿದಳು. ಓದಿ ಮುಗಿಸಿ ಒಳಗೆ ಹೋದಳು. ಹೊರಗೆ ಬಂದಾಗ ಅವಳ ಕೈಯಲ್ಲಿ ಚರ್ಚಿನ ಹಳೆಯ ಪುಸ್ತಕವೊಂದರ ಜೆರಾಕ್ಸ್ ಇತ್ತು. ೧೮೮೪ರ ಜುಲೈನಲ್ಲಿ ಆ ಊರಲ್ಲಿ ಹೂಳಿದವರ ಪಟ್ಟಿ. ಒಂದೇ ದಿನ ಆರು ಜನ.

ತಾರಾ ಓದಿದಳು. ಪ್ಯಾಟ್ರಿಕ್ ಡುಗನ್. ಜಾನ್ ಟ್ರೆಮೇನ್. ವಿಲಿಯಂ ಹಾಗ್. ಡೇನಿಯಲ್ ಡುಗನ್. ಓವನ್ ಪ್ರೈಸ್. ಸ್ಯಾಮ್ಯುಯೆಲ್ ಕಿಟ್. ಮುನಿವೆಂಕಟಪ್ಪ ಒಂದೊಂದನ್ನೂ ಬಾಯಲ್ಲಿ ಹೇಳಿದ. ಟ್ರೆಮೇನ್ ಅವನ ಬಾಯಲ್ಲಿ ತಿರುಮೇನಿ ಆಯಿತು. ಲೈಬ್ರರಿಯಾಕೆ ತಿದ್ದಲಿಲ್ಲ. ಇಬ್ಬರು ಡುಗನ್ನರು ಅಣ್ಣ ತಮ್ಮಂದಿರಾ ಎಂದು ಅವನು ಕೇಳಿಸಿದ. ಹೌದಂತೆ. ಅವನು ತಲೆಯಾಡಿಸಿದ.

ತಾರಾ ಆರೂ ಹೆಸರನ್ನು ಹಾಳೆಯ ತುದಿಯಲ್ಲಿ ಕೈಯಿಂದಲೇ ಬರೆದಳು. ಅವನು ಅವುಗಳ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ. ಲೈಬ್ರರಿಯಾಕೆ ಹಾಳೆಗಳನ್ನು ಹೊಲಿದು, ರಟ್ಟು ಕಟ್ಟಿ, ಮುದ್ರೆ ಒತ್ತಿ, ಬೆನ್ನಿಗೆ ಒಂದು ಚೀಟಿ ಅಂಟಿಸಿದಳು. ಕ್ಯಾಲವೇ ಅವರ ದಪ್ಪ ಪುಸ್ತಕದ ಪಕ್ಕದಲ್ಲೇ ಸಿಕ್ಕಿಸಿದಳು.

"ಚೀಟೀಲಿ ಏನಂತ ಬರದ್ಲು?" ಎಂದ ಮುನಿವೆಂಕಟಪ್ಪ.

"ಲೋಕಲ್ ಹಿಸ್ಟರಿ ಅಂತ. ಈ ಊರಿನ ಚರಿತ್ರೆ."

"ಚರಿತ್ರೆನಾ? ನಾನಿನ್ನೂ ಬದುಕಿದ್ದೀನಲ್ಲಮ್ಮೀ!" ಎಂದ ಅವನು. ಲೈಬ್ರರಿಯಲ್ಲಿ ಓದುತ್ತಿದ್ದವರೆಲ್ಲ ತಲೆ ಎತ್ತಿದರು. "ಅದನ್ನ ಕೆಳಗಿಳಿಸು. ಯಾರಿಗಾನ ಅನುಮಾನ ಬಂದ್ರೆ ನನ್ನೇ ಕೇಳ್ಲಿ. ನಮ್ಮ ಮನೆ ಫೋನ್ ನಂಬರ್ ಬರಿ ಅದ್ರಾಗೆ."

ಲೈಬ್ರರಿಯಾಕೆ ಏನು ಎಂಬಂತೆ ತಾರಾಳನ್ನು ನೋಡಿದಳು. ತಾರಾ ಅಪ್ಪ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು. ಆಕೆ ಪುಸ್ತಕ ಕೆಳಗಿಳಿಸಿ ಕೊಟ್ಟಳು. ತಾರಾ ಸಹಿಯ ಕೆಳಗೆ ಎಪ್ಪಿಂಗ್‌ನ ನಂಬರ್ ಬರೆದಳು. ಹಗಲು ಕೆಲಸಕ್ಕೆ ಹೋಗುವ ಕಾರ್ಮಿಕರು ಸಂಜೆ ಆರರ ಮೇಲೂ ಫೋನ್ ಮಾಡಬಹುದು ಎಂದು ಅಪ್ಪ ಹೇಳಿದ್ದನ್ನೂ ಬರೆದಳು.